ದೂರ ಸರಿ ಬರುತ್ತಿಲ್ಲ, ಮಧ್ಯಬಿಂದು ಎಲ್ಲೋ ಬೀಳುತ್ತಿದೆ: ತಪ್ಪನ್ನು ಉತ್ತರದಿಂದಲೇ ಹಿಡಿಯೋದು ಹೇಗೆ

ನಿರ್ದೇಶಾಂಕ ರೇಖಾಗಣಿತದ ಲೆಕ್ಕ ತಪ್ಪಿದರೆ ಮಕ್ಕಳು ಮೊದಲು ಮಾಡುವ ಕೆಲಸ ಅಂದರೆ ಎಲ್ಲಕ್ಕೂ ಗೀಟು ಹೊಡೆದು ಮತ್ತೆ ಮೊದಲಿನಿಂದ ಶುರು ಮಾಡುವುದು. ಎರಡನೇ ಸಲವೂ ಅದೇ ಜಾಗದಲ್ಲಿ ಅದೇ ತಪ್ಪಾಗುತ್ತದೆ, ಅದೇ ಉತ್ತರ ಬರುತ್ತದೆ, ಆಗ "ಪುಸ್ತಕದಲ್ಲೇ ತಪ್ಪು ಪ್ರಿಂಟ್ ಆಗಿರಬೇಕು" ಅಂತ ಬಿಟ್ಟುಬಿಡುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ನಾನು ದಿನಾ ನೋಡುವುದು ಇದನ್ನೇ. ಸೂತ್ರ ಬರದೆ ಹೋಗುವ ಅಂಕ ಕಡಿಮೆ. ಸೂತ್ರ ಸರಿಯಾಗಿ ಬರೆದ ಮೇಲೆ ಹೋಗುವ ಅಂಕವೇ ಜಾಸ್ತಿ.

ಹಾಗಾಗಿ ಗೀಟು ಹೊಡೆಯಬೇಡಿ. ಬಂದಿರುವ ತಪ್ಪು ಉತ್ತರವನ್ನೇ ಒಂದು ನಿಮಿಷ ನೋಡಿ. ಈ ಪಾಠದಲ್ಲಿ ಒಂದೊಂದು ತಪ್ಪೂ ಉತ್ತರದ ಮೇಲೆ ತನ್ನ ಗುರುತು ಬಿಟ್ಟು ಹೋಗುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕೋಲಾರದ ಕಡೆಯ ಒಂದು ಟೊಮೆಟೊ ತೋಟ. ಅದನ್ನು ಗ್ರಾಫ್ ಹಾಳೆಯಲ್ಲಿ ಬರೆದಿದ್ದೇವೆ, ಒಂದು ಮಾನ ಅಂದರೆ 10 ಅಡಿ. ಬೋರ್‌ವೆಲ್ ಇರುವುದು (2, 3)ರಲ್ಲಿ, ಮೂಲೆಯ ವಾಲ್ವು (14, 8)ರಲ್ಲಿ. ಬ್ರಾಕೆಟ್ಟಿನ ಮೊದಲ ಅಂಕಿ ಎಕ್ಸ್, ಅಡ್ಡಕ್ಕೆ ಎಷ್ಟು ಅಂತ; ಎರಡನೆಯದು ವೈ, ಮೇಲಕ್ಕೆ ಎಷ್ಟು ಅಂತ. ಎಕ್ಸ್‌ಗಳ ವ್ಯತ್ಯಾಸ 12, ವೈಗಳ ವ್ಯತ್ಯಾಸ 5. ವರ್ಗ ಮಾಡಿದರೆ 144 ಮತ್ತು 25, ಕೂಡಿದರೆ 169, ವರ್ಗಮೂಲ 13. ಇದೇ ಎರಡರ ನಡುವಿನ ನೇರ ದೂರ, ಅಂದರೆ 130 ಅಡಿ; ಹೀಗೆ ತೆಗೆಯುವುದೇ ದೂರ ಸೂತ್ರ. ಮಧ್ಯಬಿಂದುವಿಗೆ ಎಕ್ಸ್‌ಗಳನ್ನು ಕೂಡಿ ಅರ್ಧ, ವೈಗಳನ್ನು ಕೂಡಿ ಅರ್ಧ: (8, 5.5). ಸರಿಯಾದ ಉತ್ತರ ಇದು. ಇನ್ನು ತಪ್ಪುಗಳ ಕಡೆ ಹೋಗೋಣ.

ಏನು ತಪ್ಪಾಗಿದೆ ಅಂತಲೇ ಗೊತ್ತಾಗುತ್ತಿಲ್ಲ

ಮೊದಲು ಪ್ರಶ್ನೆಯನ್ನು ಸರಿಯಾಗಿ ಇಳಿಸಿಕೊಂಡಿದ್ದೀರಾ ನೋಡಿ. −3 ಇದ್ದಿದ್ದು 3 ಆಗಿದೆಯಾ, (4, 7) ಇದ್ದಿದ್ದು (7, 4) ಆಗಿದೆಯಾ. ಇದಕ್ಕೆ ಹತ್ತು ಸೆಕೆಂಡ್ ಸಾಕು.

ಆಮೇಲೆ ಪಕ್ಕದಲ್ಲಿ ಒಂದು ಕಚ್ಚಾ ಚಿತ್ರ ಬರೆಯಿರಿ. ಸ್ಕೇಲು ಬೇಡ, ಗ್ರಾಫ್ ಹಾಳೆಯೂ ಬೇಡ. ಎರಡು ಗೆರೆ ಎಳೆದು ಬಿಂದುಗಳು ಯಾವ ಕಡೆ ಬೀಳುತ್ತವೆ ಅಂತ ಚುಕ್ಕಿ ಇಟ್ಟರೆ ಆಯಿತು.

ಮೂರನೆಯದು ನನಗೆ ತುಂಬ ಬೇಕಾದ ಪರೀಕ್ಷೆ. ದೂರ ಯಾವತ್ತೂ ಎರಡು ವ್ಯತ್ಯಾಸಗಳಲ್ಲಿ ದೊಡ್ಡದಕ್ಕಿಂತ ಕಡಿಮೆ ಆಗಬಾರದು, ಎರಡನ್ನೂ ಕೂಡಿದ್ದಕ್ಕಿಂತ ಜಾಸ್ತಿ ಆಗಬಾರದು. ನಮ್ಮ ತೋಟದಲ್ಲಿ ವ್ಯತ್ಯಾಸಗಳು 12 ಮತ್ತು 5, ಹಾಗಾಗಿ ಉತ್ತರ 12ಕ್ಕೂ 17ಕ್ಕೂ ನಡುವೆ ಇರಲೇಬೇಕು. ಯಾಕೆ ಅಂದರೆ ದೂರ ಸೂತ್ರ ಅನ್ನುವುದು ಪೈಥಾಗೊರಸ್ ಪ್ರಮೇಯವೇ. ವ್ಯತ್ಯಾಸಗಳು ಲಂಬಕೋನ ತ್ರಿಭುಜದ ಎರಡು ಬಾಹು, ದೂರ ಅದರ ವಿಕರ್ಣ, ಅಂದರೆ ಲಂಬಕೋನದ ಎದುರಿನ ಗೆರೆ. ವಿಕರ್ಣ ಎರಡೂ ಬಾಹುಗಳಿಗಿಂತ ಉದ್ದ ಇರಬೇಕು, ಆದರೆ ಎರಡನ್ನೂ ಸುತ್ತಿಕೊಂಡು ಹೋಗುವುದಕ್ಕಿಂತ ಗಿಡ್ಡ ಇರಬೇಕು ಅಲ್ವಾ. ಒಂದು ವ್ಯತ್ಯಾಸ ಸೊನ್ನೆ ಆದಾಗ ಮಾತ್ರ ದೂರವೂ ಇನ್ನೊಂದು ವ್ಯತ್ಯಾಸವೂ ಒಂದೇ ಆಗುತ್ತವೆ.

ಉತ್ತರ ಈ ಗಡಿಯ ಹೊರಗೆ ಬಿದ್ದರೆ ಎಲ್ಲೋ ತಪ್ಪಿದೆ, ಅನುಮಾನವೇ ಬೇಡ. ಒಳಗೆ ಬಿದ್ದರೆ ಸರಿಯೇ ಇರಬೇಕು ಅಂತಿಲ್ಲ. ಆದರೂ ಬಹಳಷ್ಟು ತಪ್ಪುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ವರ್ಗಮೂಲದ ಒಳಗೆ ಋಣ ಸಂಖ್ಯೆ ಬಂತು, ಇಲ್ಲವೇ ದೂರ ತೀರಾ ಚಿಕ್ಕದಾಯಿತು

ಇದರಲ್ಲಿ ಎರಡು ಬಗೆ ಇದೆ.

ಒಂದು, ವರ್ಗ ಮಾಡುವಾಗ ಬ್ರಾಕೆಟ್ ಬಿಟ್ಟಿರುವುದು. (3, −1) ಮತ್ತು (−2, 11) ತೆಗೆದುಕೊಳ್ಳಿ. ವ್ಯತ್ಯಾಸ −5 ಮತ್ತು 12. ನೋಟ್‌ಬುಕ್ಕಿನಲ್ಲಿ ಹೀಗೆ ಇರುತ್ತದೆ: √(−5² + 12²), ಅದರ ಕೆಳಗೆ √(−25 + 144), ಅದರ ಕೆಳಗೆ √119. ಈ 119 ಬಂತು ಅಂದರೆ ಸಾಕು. 11ರ ವರ್ಗ 121, ಹಾಗಾಗಿ ಉತ್ತರ 11ಕ್ಕಿಂತ ಕಡಿಮೆ. ಆದರೆ ಒಂದು ವ್ಯತ್ಯಾಸವೇ 12 ಇದೆಯಲ್ಲ! ಗಡಿಯ ಹೊರಗೆ ಬಿತ್ತು. ಸರಿಯಾಗಿ ಬರೆದರೆ (−5)² = 25, ಒಟ್ಟು 169, ಉತ್ತರ 13. ಋಣ ಇರುವುದು ದೊಡ್ಡ ವ್ಯತ್ಯಾಸಕ್ಕಾದರೆ ಇದೇ ತಪ್ಪಿನಿಂದ −144 + 25 ಬಂದು ಮೂಲದೊಳಗೆ −119 ಕೂರುತ್ತದೆ. ವರ್ಗಗಳನ್ನು ಕೂಡಿದಾಗ ಋಣ ಬರುವುದಕ್ಕೆ ಸಾಧ್ಯವೇ ಇಲ್ಲ, ಬಂತು ಅಂದರೆ ಬ್ರಾಕೆಟ್ ಎಲ್ಲಿ ಅಂತ ಹುಡುಕಿ. ಫೋನಿನ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲೂ ಎಚ್ಚರ ಇರಲಿ. ಬ್ರಾಕೆಟ್ ಹಾಕದೆ −5² ಒತ್ತಿದರೆ ಬಹಳಷ್ಟು ಕ್ಯಾಲ್ಕುಲೇಟರ್‌ಗಳು −25 ಅಂತಲೇ ತೋರಿಸುತ್ತವೆ. ಬೋರ್ಡ್ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ, ಅದಕ್ಕೇ ಈಗಿನಿಂದಲೇ ಕೈಯಲ್ಲಿ ಮಾಡಿ.

ಎರಡನೆಯದು, ಕಳೆಯುವಾಗ ಒಂದು ಮೈನಸ್ ನುಂಗಿಹೋಗಿರುವುದು. (−3, 2) ಮತ್ತು (5, 8). ಎಕ್ಸ್ ವ್ಯತ್ಯಾಸ 5 − (−3), ಅಂದರೆ 8. ಇದನ್ನು 5 − 3 ಅಂತ ಬರೆದರೆ 2 ಆಗುತ್ತದೆ, ದೂರ √40 ಆಗುತ್ತದೆ. ಇಲ್ಲಿ ನಾನು ಹೇಳಿದ ಗಡಿ ಪರೀಕ್ಷೆ ಕೈಕೊಡುತ್ತದೆ. ವ್ಯತ್ಯಾಸವೇ ತಪ್ಪಾಗಿರುವುದರಿಂದ ಆ ತಪ್ಪು ವ್ಯತ್ಯಾಸಕ್ಕೆ ಉತ್ತರ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಇದನ್ನು ಹಿಡಿಯುವುದು ಆ ಕಚ್ಚಾ ಚಿತ್ರವೇ. ಒಂದು ಬಿಂದು ವೈ ಅಕ್ಷದ ಎಡಕ್ಕೆ 3, ಇನ್ನೊಂದು ಬಲಕ್ಕೆ 5. ನಡುವೆ 8 ಇರಬೇಕು ಅಂತ ಕಣ್ಣಿಗೇ ಕಾಣುತ್ತದೆ. ದೂರ √(64 + 36), ಅಂದರೆ 10.

ಒಂದು ಮಾತು ನೆನಪಿಟ್ಟುಕೊಳ್ಳಿ: ಬಿಂದುಗಳು ಅಕ್ಷದ ಆಚೆ ಈಚೆ ಇದ್ದರೆ ಅಂಕಿಗಳನ್ನು ಕೂಡುತ್ತೀರಿ, ಒಂದೇ ಕಡೆ ಇದ್ದರೆ ಕಳೆಯುತ್ತೀರಿ. (−7, 1) ಮತ್ತು (−3, 4) ಎರಡೂ ಎಡಗಡೆಯೇ ಇವೆ, ಆದ್ದರಿಂದ ವ್ಯತ್ಯಾಸ 4, ದೂರ 5. ಇಲ್ಲಿ −7 − 3 ಅಂತ ಬರೆದು 10 ತಂದರೆ ದೂರ √109 ಆಗಿ ಊದಿಕೊಳ್ಳುತ್ತದೆ.

ಉತ್ತರ ವಿಪರೀತ ದೊಡ್ಡದಾಗಿದೆ

ನಮ್ಮ ತೋಟದ ಲೆಕ್ಕದಲ್ಲಿ 169 ಬಂದಿದ್ದರೆ ವರ್ಗಮೂಲ ತೆಗೆಯಲು ಮರೆತಿದ್ದೀರಿ. 17 ಬಂದಿದ್ದರೆ √(144 + 25) ಅನ್ನು ಒಡೆದು √144 + √25 ಮಾಡಿದ್ದೀರಿ, ಅಂದರೆ 12 + 5. ಮೂಲವನ್ನು ಹೀಗೆ ಕೂಡಿಕೆಯ ಮೇಲೆ ಹಂಚುವ ಹಾಗಿಲ್ಲ. ಆ 17 ಏನು ಅಂದರೆ, ಬೋರ್‌ವೆಲ್ಲಿನಿಂದ ಮೊದಲು ನೇರ ಪೂರ್ವಕ್ಕೆ ಹೋಗಿ ಆಮೇಲೆ ಉತ್ತರಕ್ಕೆ ತಿರುಗಿ ಬದುಗಳ ಮೇಲೇ ನಡೆದರೆ ಆಗುವ ದೂರ. ಪೈಪನ್ನು ಬದುವಿನ ಪಕ್ಕದಲ್ಲೇ ಎಳೆಯುವುದಾದರೆ ನಿಮಗೆ ಬೇಕಾಗಿರುವುದು 170 ಅಡಿಯೇ! ಪ್ರಶ್ನೆ ಕೇಳಿರುವುದು ಮಾತ್ರ ನೇರ ದೂರ.

ಚಿಕ್ಕದೂ ಅಲ್ಲ ದೊಡ್ಡದೂ ಅಲ್ಲ, ಯಾವುದಕ್ಕೂ ಸಂಬಂಧ ಇಲ್ಲದ ಉತ್ತರ

ಎಕ್ಸ್‌ನಿಂದ ವೈ ಕಳೆದಿರುತ್ತೀರಿ. ಒಂದೇ ಬಿಂದುವಿನ ಎರಡು ಅಂಕಿಗಳು ಬ್ರಾಕೆಟ್‌ನಲ್ಲಿ ಪಕ್ಕಪಕ್ಕ ಇರುವುದರಿಂದ ಕೈ ತಾನಾಗಿ ಅವನ್ನೇ ಜೋಡಿ ಮಾಡುತ್ತದೆ. ನಮ್ಮ ಉದಾಹರಣೆಯಲ್ಲಿ 2 − 3 ಮತ್ತು 14 − 8 ಆಗಿ √37 ಬರುತ್ತದೆ. ಚಿತ್ರ ನೋಡಿ ಅಡ್ಡಕ್ಕೆ 12 ಇದೆ ಅಂತ ಗೊತ್ತಿದ್ದರೆ ಇದು ತಕ್ಷಣ ಸಿಗುತ್ತದೆ. ಬಿಂದುಗಳನ್ನು ಅದಲುಬದಲು ಮಾಡಿ ನೋಡಿದರೆ ಮಾತ್ರ ಸಿಗುವುದಿಲ್ಲ, ಹಾಗೆ ಮಾಡಿದರೂ ಅದೇ √37 ಬರುತ್ತದೆ. ಎರಡು ಬಿಂದುಗಳನ್ನೂ ಒಂದರ ಕೆಳಗೆ ಒಂದು ಬರೆದುಕೊಳ್ಳಿ, ಎಕ್ಸ್ ಕೆಳಗೆ ಎಕ್ಸ್, ವೈ ಕೆಳಗೆ ವೈ. ಮೇಲಿನಿಂದ ಕೆಳಕ್ಕೆ ಕಳೆಯಿರಿ. ಈ ಅಭ್ಯಾಸ ಒಂದು ಬಂದರೆ ಈ ತಪ್ಪು ಮತ್ತೆ ಬರುವುದಿಲ್ಲ.

ಪುಸ್ತಕದ ಉತ್ತರ ಬೇರೆ ತರಹ ಇದೆ

ನಿಮ್ಮದು √80, ಪುಸ್ತಕದ್ದು 4√5. ಇದು ತಪ್ಪಲ್ಲ, ಎರಡೂ ಒಂದೇ. 80 ಅಂದರೆ 16 × 5, 16ರ ಮೂಲ ಹೊರಗೆ ಬಂದಿದೆ, ಅಷ್ಟೇ.

ಪುಸ್ತಕದಲ್ಲಿ ಎರಡು ಉತ್ತರ ಇದ್ದು ನಿಮ್ಮಲ್ಲಿ ಒಂದೇ ಇದ್ದರೆ ಅದು ತಪ್ಪು. (ಎಕ್ಸ್, 2) ಎಂಬ ಬಿಂದು (3, 5)ರಿಂದ 5 ಮಾನ ದೂರದಲ್ಲಿದೆ, ಎಕ್ಸ್ ಎಷ್ಟು ಅಂತ ಕೇಳಿದ್ದಾರೆ ಅಂದುಕೊಳ್ಳಿ. ವೈ ವ್ಯತ್ಯಾಸ 3, ವರ್ಗ 9, ಉಳಿದಿದ್ದು 16. ಈಗ ಎಕ್ಸ್ − 3 ಅನ್ನುವುದು 4 ಆಗಬಹುದು, −4 ಕೂಡ ಆಗಬಹುದು. ಉತ್ತರ 7 ಮತ್ತು −1. ಬಲಕ್ಕೂ ಒಂದು ಬಿಂದು ಇದೆ, ಎಡಕ್ಕೂ ಒಂದು ಇದೆ. ದೂರ ಯಾವಾಗಲೂ ಧನ, ಆದರೆ ಆ ದೂರದಲ್ಲಿರುವ ಬಿಂದು ಎರಡು ಕಡೆಗೂ ಇರಬಹುದು.

ಮಧ್ಯಬಿಂದು ಎರಡು ಬಿಂದುಗಳ ಹೊರಗೆ ಬಿತ್ತು

ತೋಟದ ಲೆಕ್ಕಕ್ಕೇ ಬರೋಣ. (16, 11) ಬಂದಿದ್ದರೆ ಅರ್ಧ ಮಾಡಿಲ್ಲ. (8, 11) ಬಂದಿದ್ದರೆ ಒಂದಕ್ಕೆ ಮಾತ್ರ ಅರ್ಧ ಮಾಡಿದ್ದೀರಿ, ಆತುರದಲ್ಲಿ ಇದು ತುಂಬ ಸಾಮಾನ್ಯ.

(6, 2.5) ಬಂದಿದ್ದರೆ ಸ್ವಲ್ಪ ನಿಧಾನಿಸಿ. ಕೂಡುವ ಬದಲು ಕಳೆದಿದ್ದೀರಿ. ದೂರ ಸೂತ್ರದಲ್ಲಿ ಕಳೆದು ಕಳೆದು ಕೈಗೆ ಅದೇ ಅಭ್ಯಾಸ ಆಗಿರುತ್ತದೆ. ಇದರ ಕಷ್ಟ ಏನು ಅಂದರೆ 6 ಅನ್ನುವುದು 2ಕ್ಕೂ 14ಕ್ಕೂ ನಡುವೆಯೇ ಇದೆ, ನೋಡಲು ಸರಿ ಅನಿಸುತ್ತದೆ. 2.5 ಮಾತ್ರ 3ಕ್ಕಿಂತ ಕೆಳಗೆ ಹೋಗಿದೆ. ಹಾಗಾಗಿ ಎಕ್ಸ್ ಒಂದನ್ನೇ ನೋಡಿ ಬಿಡಬೇಡಿ, ಎರಡನ್ನೂ ನೋಡಿ. ಇನ್ನೊಂದು ವಿಷಯ, ಈ (6, 2.5) ಪೂರ್ತಿ ವ್ಯರ್ಥವೂ ಅಲ್ಲ. ಅದು ಅರ್ಧ ವ್ಯತ್ಯಾಸ, ಮೊದಲನೇ ಬಿಂದುವಿನಿಂದ ಮಧ್ಯಕ್ಕೆ ಹೋಗಲು ಎಷ್ಟು ಸರಿಯಬೇಕು ಅನ್ನುವ ಲೆಕ್ಕ. 14ರಿಂದ 2 ಕಳೆದು, 8ರಿಂದ 3 ಕಳೆದು ಅರ್ಧ ಮಾಡಿದ್ದರೆ, ಆ ಕಳೆದ ಬಿಂದುವಿಗೇ ಇದನ್ನು ಕೂಡಿ: 2 + 6 = 8, 3 + 2.5 = 5.5. ಸರಿಯಾದ ಮಧ್ಯಬಿಂದು ಸಿಕ್ಕಿತು.

ಒಳಗೇ ಬಿದ್ದಿದೆ, ಆದರೂ ಅನುಮಾನ ಇದೆ ಅಂದರೆ ಮಧ್ಯಬಿಂದುವಿನಿಂದ ಒಂದು ತುದಿಗೆ ದೂರ ತೆಗೆಯಿರಿ. (8, 5.5)ರಿಂದ (2, 3)ಕ್ಕೆ √(36 + 6.25), ಅಂದರೆ √42.25, ಅಂದರೆ 6.5. ಪೂರ್ತಿ ದೂರ 13, ಅದರ ಸರಿಯಾಗಿ ಅರ್ಧ. ಎರಡೂ ತುದಿಗೆ ದೂರ ಸಮ ಇದ್ದರೆ ಸಾಕು ಅಂತ ಕೆಲವರು ನಿಲ್ಲಿಸುತ್ತಾರೆ, ಅದು ಸಾಲದು. ನಡುವೆ ಲಂಬವಾಗಿ ಎಳೆದ ಗೆರೆಯ ಮೇಲಿನ ಎಲ್ಲ ಬಿಂದುಗಳೂ ಎರಡು ತುದಿಗೆ ಸಮದೂರದಲ್ಲೇ ಇರುತ್ತವೆ. ಎರಡೂ ಕಡೆ ಅರ್ಧವೇ ಬರಬೇಕು.

ತಿರುವುಮುರುವು ಪ್ರಶ್ನೆಯಲ್ಲಿ ಗುರುತೂ ತಿರುವುಮುರುವು. ವೃತ್ತದ ಕೇಂದ್ರ (3, 1), ವ್ಯಾಸದ ಒಂದು ತುದಿ (−1, 4), ಇನ್ನೊಂದು ತುದಿ ಯಾವುದು? ಇಲ್ಲಿ ಉತ್ತರ ಕೊಟ್ಟಿರುವ ಎರಡರ ನಡುವೆ ಬಿದ್ದರೇ ತಪ್ಪು. (1, 2.5) ಬಂದಿದೆ ಅಂದರೆ ಪ್ರಶ್ನೆ ಓದದೆ ಸುಮ್ನೆ ಮಧ್ಯಬಿಂದು ತೆಗೆದಿದ್ದೀರಿ. ಕೇಂದ್ರವನ್ನು ಎರಡರಷ್ಟು ಮಾಡಿ, ಗೊತ್ತಿರುವ ತುದಿ ಕಳೆಯಿರಿ: 6 − (−1) = 7, 2 − 4 = −2. ಉತ್ತರ (7, −2).

ಸ್ಕೇಲಿನಲ್ಲಿ ಅಳೆದರೆ ಒಂದು, ಸೂತ್ರದಲ್ಲಿ ಇನ್ನೊಂದು

ಗ್ರಾಫ್ ಹಾಳೆಯ ಬಲಮೂಲೆಯಲ್ಲಿ ಬರೆದಿರುವ ಪ್ರಮಾಣ ನೋಡಿ. ಎಕ್ಸ್ ಅಕ್ಷಕ್ಕೆ 1 ಸೆಂ.ಮೀ. = 1 ಮಾನ, ವೈ ಅಕ್ಷಕ್ಕೆ 1 ಸೆಂ.ಮೀ. = 2 ಮಾನ ಅಂತಿದ್ದರೆ ಸ್ಕೇಲಿನಲ್ಲಿ ಅಳೆದ ಉದ್ದಕ್ಕೆ ಅರ್ಥವೇ ಇಲ್ಲ. ಚಿತ್ರ ಒಂದು ಕಡೆಗೆ ಕುಗ್ಗಿದೆ. ಸೂತ್ರದ ಉತ್ತರವನ್ನೇ ನಂಬಿ.

ಆದರೆ ಮಧ್ಯಬಿಂದುವಿಗೆ ಈ ತೊಂದರೆ ಇಲ್ಲ, ಇದು ನನಗೆ ಬಹಳ ಇಷ್ಟವಾದ ಸಂಗತಿ. ಚಿತ್ರವನ್ನು ಎಷ್ಟೇ ಹಿಗ್ಗಿಸಿ, ಕುಗ್ಗಿಸಿ, ಗೆರೆಯ ಅರ್ಧ ಅರ್ಧವಾಗಿಯೇ ಉಳಿಯುತ್ತದೆ. ಸ್ಕೇಲಿನಲ್ಲಿ ಮಧ್ಯ ಗುರುತು ಮಾಡಿ ಅಲ್ಲಿನ ಎಕ್ಸ್, ವೈ ಓದಿದರೆ ಸರಿಯಾಗಿಯೇ ಸಿಗುತ್ತದೆ. ಹಾಗಾಗಿ ಮಧ್ಯಬಿಂದು ಸರಿ ಇದ್ದು ದೂರ ಮಾತ್ರ ಹೊಂದುತ್ತಿಲ್ಲ ಅಂದರೆ ಮೊದಲ ಅನುಮಾನ ಪ್ರಮಾಣದ ಮೇಲೆ.

ಫೋನ್ ಮ್ಯಾಪಿನ ಅಂಕಿ ಹಾಕಿದರೆ ದೂರ 1.05 ಬರುತ್ತಿದೆ

ಇದು ಅದೇ ಪ್ರಮಾಣದ ತೊಂದರೆ, ದೊಡ್ಡ ರೂಪದಲ್ಲಿ. ತುಮಕೂರು ಸುಮಾರು (13.34, 77.10), ಕೋಲಾರ ಸುಮಾರು (13.14, 78.13). ಇವನ್ನು ನೇರ ಸೂತ್ರಕ್ಕೆ ಹಾಕಿದರೆ 1.05 ಬರುತ್ತದೆ. ಅದು ಕಿಲೋಮೀಟರೂ ಅಲ್ಲ, ಮೈಲಿಯೂ ಅಲ್ಲ, ಡಿಗ್ರಿ.

ಮೊದಲು ಕ್ರಮ ನೋಡಿ. ಮ್ಯಾಪಿನಲ್ಲಿ ಮೊದಲ ಅಂಕಿ ಅಕ್ಷಾಂಶ, ಅಂದರೆ ದಕ್ಷಿಣ-ಉತ್ತರ. ಗ್ರಾಫಿನಲ್ಲಿ ಮೊದಲ ಅಂಕಿ ಅಡ್ಡಕ್ಕೆ, ಪೂರ್ವ-ಪಶ್ಚಿಮ. ತಿರುಗಿಸದೆ ಗುರುತಿಸಿದರೆ ಕೋಲಾರ ತುಮಕೂರಿನ ಪೂರ್ವಕ್ಕೆ ಬರುವ ಬದಲು ಉತ್ತರಕ್ಕೆ ಹೋಗಿ ಕೂರುತ್ತದೆ. ಆಮೇಲೆ ಕಿಲೋಮೀಟರಿಗೆ ಬದಲಿಸಿ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹತ್ತಿರ ಆಗುತ್ತಾ ಹೋಗುವುದರಿಂದ ನಮ್ಮ ಭಾಗದಲ್ಲಿ ಅದರ ಒಂದು ಡಿಗ್ರಿ ಸುಮಾರು 108 ಕಿ.ಮೀ. ಹಾಗಾದರೆ 0.20 × 111 ಅಂದರೆ 22, 1.03 × 108 ಅಂದರೆ 111. ಸೂತ್ರಕ್ಕೆ ಹಾಕಿದರೆ ನೇರ ದೂರ ಸುಮಾರು 113 ಕಿ.ಮೀ. ಬೆಂಗಳೂರಿನ ಮೇಲೆ ಬಸ್ಸಿನಲ್ಲಿ ಹೋದರೆ 140ರ ಹತ್ತಿರ ಆಗುತ್ತದೆ, ಅದು ಸೂತ್ರದ ತಪ್ಪಲ್ಲ, ರಸ್ತೆ ನೇರ ಇಲ್ಲ ಅಷ್ಟೇ.

ಮಧ್ಯಬಿಂದುವನ್ನು ಮಾತ್ರ ಡಿಗ್ರಿಯಲ್ಲೇ ತೆಗೆಯಬಹುದು: (13.24, 77.615). ಮ್ಯಾಪಿನಲ್ಲಿ ಹಾಕಿ ನೋಡಿ, ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿ ನಡುವೆ ಬೀಳುತ್ತದೆ. ಆ ಬಸ್ಸಿನ ದಾರಿಯಲ್ಲಿ ಈ ಜಾಗ ಸಿಗುವುದೇ ಇಲ್ಲ! ಇದೆಲ್ಲ ಹತ್ತಿರದ ಊರುಗಳಿಗೆ ಸರಿ. ದೆಹಲಿಯವರೆಗೆ ಲೆಕ್ಕ ಹಾಕಬೇಕು ಅಂದರೆ ಭೂಮಿ ಗುಂಡಗಿರುವುದು ಅಡ್ಡ ಬರುತ್ತದೆ, ಈ ಸೂತ್ರ ಅಲ್ಲಿ ನಿಲ್ಲುತ್ತದೆ.

ಸೈಟಿನ ಮೂಲೆಗಳು ಕೂಡುತ್ತಿಲ್ಲ

30×40 ಸೈಟಿನ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ ಬರಬೇಕು. 900 + 1600 = 2500, ಮೂಲ 50. ಮೇಸ್ತ್ರಿಗಳು ದಾರ ಹಿಡಿದು ನೋಡುವುದು ಇದನ್ನೇ, 3-4-5 ಲೆಕ್ಕ. ಮೂಲೆಗಳನ್ನು (0, 0), (40, 0), (40, 30), (0, 30) ಅಂತ ಬರೆದರೆ ಎರಡೂ ಕರ್ಣಗಳ ಮಧ್ಯಬಿಂದು (20, 15), ಎರಡೂ ಒಂದೇ.

ಟೇಪು ಹಿಡಿದಾಗ ನಾಲ್ಕು ಬದಿ ಸರಿ ಇದ್ದು ಒಂದು ಕರ್ಣ 51, ಇನ್ನೊಂದು 49ರ ಹತ್ತಿರ ಬಂದರೆ ಸೈಟು ಓರೆಯಾಗಿದೆ. 40 ಅಡಿಯ ಬದಿಯ ಉದ್ದಕ್ಕೆ ಹಿಂದಿನ ಮೂಲೆಗಳು ಸುಮಾರು ಒಂದೂಕಾಲು ಅಡಿ ಜಾರಿವೆ. ಎರಡೂ ಕರ್ಣ ಒಂದೇ ಸಮ ಇದ್ದು 50 ಆಗದಿದ್ದರೆ ಮೂಲೆ ಬಿಟ್ಟು ಬದಿಗಳನ್ನು ಮತ್ತೆ ಅಳೆಯಿರಿ. ಎದುರುಬದುರು ಬದಿಗಳು ಸಮ ಇವೆಯಾ ಅನ್ನುವುದನ್ನೂ ನೋಡಿ, ಕರ್ಣ ಸಮ ಇದ್ದ ಮಾತ್ರಕ್ಕೆ ಆಯತ ಅಂತ ಹೇಳುವ ಹಾಗಿಲ್ಲ.

ಅಳೆಯುವಾಗ ಜೋಪಾನ. ಉಕ್ಕಿನ ಟೇಪು ಕರೆಂಟು ಹರಿಸುತ್ತದೆ, ಪಂಪ್‌ಸೆಟ್ ವೈರು, ಜೋತುಬಿದ್ದ ತಂತಿ ಇರುವ ಕಡೆ ಫೈಬರ್ ಟೇಪು ಬಳಸಿ. ಹೊಲದಲ್ಲಿ ಟೇಪು ಹಿಡಿದು ಹಿಂದಕ್ಕೆ ನಡೆಯಬೇಡಿ, ನಮ್ಮ ಭಾಗದಲ್ಲಿ ಬತ್ತಿದ ಬೋರ್‌ವೆಲ್‌ಗಳು ಕಮ್ಮಿ ಇಲ್ಲ, ಮುಚ್ಚದೆ ಬಿಟ್ಟಿರುವ ಬಾಯಿ ಹುಲ್ಲಿನೊಳಗೆ ಕಾಣುವುದಿಲ್ಲ. ಇಳಿಜಾರಿನಲ್ಲಿ ಪೈಪಿಗೆ ಲೆಕ್ಕಕ್ಕಿಂತ ಜಾಸ್ತಿ ಉದ್ದ ಬೇಕು, ಗ್ರಾಫ್ ಹಾಳೆಗೆ ಏರುತಗ್ಗು ಗೊತ್ತಿಲ್ಲ.

ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಅಕ್ಕಪಕ್ಕದವರ ಜೊತೆ ಗಡಿಯ ತಕರಾರು ಇದ್ದರೆ ಈ ಲೆಕ್ಕ ಇಟ್ಟುಕೊಂಡು ವಾದಕ್ಕೆ ಇಳಿಯಬೇಡಿ. ಫೋನಿನ ಜಿಪಿಎಸ್ ಬಯಲಿನಲ್ಲೂ ಸುಮಾರು 5 ಮೀಟರ್ ಆಚೆ ಈಚೆ ತೋರಿಸಬಹುದು. 30 ಅಡಿ ಅಂದರೆ 9 ಮೀಟರ್ ಚಿಲ್ಲರೆ, ಸೈಟಿನ ಅರ್ಧಕ್ಕಿಂತ ಜಾಸ್ತಿ ಅಗಲ ಅದರಲ್ಲೇ ಹೋಯಿತು. ಗಡಿ ಕಲ್ಲು ಕೀಳುವುದು, ಸರಿಸುವುದು ಕಾನೂನು ಪ್ರಕಾರ ಅಪರಾಧ. ಜಮೀನಿಗಾದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಅರ್ಜಿ ಹಾಕಿ, ಸರ್ಕಾರಿ ಭೂಮಾಪಕರು ಬಂದು ಅಳೆಯಲಿ.

ಇನ್ನು ಮಕ್ಕಳ ವಿಷಯ. 5 − (−3) ಎಷ್ಟು ಅಂತ ಕೇಳಿದರೆ ಪ್ರತಿ ಸಲವೂ ತಡವರಿಸುತ್ತಾರೆ ಅಂದರೆ ದೂರ ಸೂತ್ರವನ್ನು ಇನ್ನೂ ಐವತ್ತು ಸಲ ಬರೆಸಿ ಪ್ರಯೋಜನ ಇಲ್ಲ. ಮೊದಲು ಪೂರ್ಣಾಂಕಗಳ ಪಾಠಕ್ಕೆ ವಾಪಸ್ ಹೋಗಿ, ಸಂಖ್ಯಾರೇಖೆ ಎಳೆದು ಅದನ್ನು ಸರಿ ಮಾಡಿಸಿ. ಹತ್ತನೇ ತರಗತಿಯಲ್ಲಿ ಏಳನೇ ತರಗತಿ ಪುಸ್ತಕ ತೆಗೆಯಲು ನಾಚಿಕೆ ಪಡಬೇಕಾಗಿಲ್ಲ. ಅದು ಸರಿ ಇದ್ದು, ಚಿತ್ರವೂ ಸರಿ ಇದ್ದು, ಗಡಿ ಪರೀಕ್ಷೆಯೂ ಪಾಸಾಗಿ, ಆದರೂ ಪುಸ್ತಕದ ಉತ್ತರ ಬರುತ್ತಿಲ್ಲ ಅಂದರೆ ಮೇಷ್ಟ್ರ ಹತ್ತಿರ ಹೋಗಿ. ಹೋಗುವಾಗ ತಪ್ಪಾದ ಹಾಳೆಯನ್ನು ಹಾಗೇ ತೆಗೆದುಕೊಂಡು ಹೋಗಿ, ರಬ್ಬರ್ ಹಾಕಿ ಅಳಿಸಬೇಡಿ. ನೀವು ಬರೆದ ಸಾಲುಗಳು ಮುಂದೆ ಇದ್ದರೆ ತಪ್ಪು ಯಾವ ಸಾಲಿನಲ್ಲಿದೆ ಅಂತ ಅವರು ತೋರಿಸಬಹುದು, ಬರೀ ಉತ್ತರ ತೋರಿಸಿದರೆ ಅವರೂ ಊಹೆ ಮಾಡಬೇಕಾಗುತ್ತದೆ.